ಕೆ3ಎಸ್: ಮೂರು ಸರ್ವರ್ ಇದ್ದರೆ ಹಾಕಿ, ಎರಡಿದ್ದರೆ ಬೇಡ

ಹುಬ್ಬಳ್ಳಿಯ ಗೋಕುಲ ರೋಡು, ವಿದ್ಯಾನಗರದ ಕಡೆ ನಾಲ್ಕೈದು ಮಂದಿ ಕೂಡಿ ನಡೆಸುವ ಸಾಫ್ಟ್‌ವೇರ್ ತಂಡಗಳಿಗೆ ಪೂರ್ತಿ ಕುಬರ್ನೆಟಿಸ್ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಹಲವು ಯಂತ್ರಗಳ ಮೇಲೆ ಓಡಿಸುವ ವ್ಯವಸ್ಥೆ) ನೋಡಿಕೊಳ್ಳುವುದು ಭಾರ. ಕೆ3ಎಸ್ ಅದರದೇ ಹಗುರ ರೂಪ. 100 ಎಂಬಿಗಿಂತ ಚಿಕ್ಕದಾದ ಒಂದೇ ಪ್ರೋಗ್ರಾಮ್ ಫೈಲು (ಬೈನರಿ), ಪುಕ್ಕಟೆ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ ಆ್ಯಪ್‌ನಂಥದಕ್ಕೆ ಧಾರಾಳ ಸಾಕು.

ಮೂರು ಯಂತ್ರಗಳ ಒಂದು ಗುಂಪಾಗಿ (ಕ್ಲಸ್ಟರ್) ಹಾಕುವುದು ಸಲೀಸು. ಮೊದಲ ಯಂತ್ರವನ್ನು ‘ಕ್ಲಸ್ಟರ್-ಇನಿಟ್’ ಆಯ್ಕೆಯೊಂದಿಗೆ ಶುರು ಮಾಡಿ, ಉಳಿದೆರಡಕ್ಕೆ ಅದರ ಟೋಕನ್ (ಗುಂಪಿಗೆ ಸೇರುವ ಗುಟ್ಟಿನ ಕೀಲಿ) ಮತ್ತು 6443 ಪೋರ್ಟಿನ ವಿಳಾಸ ಕೊಟ್ಟರಾಯಿತು. ಆ ಆಯ್ಕೆ ಮರೆತರೆ ಎಟ್‌ಸಿಡಿ (ಕ್ಲಸ್ಟರಿನ ಸ್ಥಿತಿ ಬರೆದಿಡುವ ಡೇಟಾಬೇಸ್) ಬದಲು ಒಳಗೆ ಒಂದೇ ಯಂತ್ರಕ್ಕೆ ಸೀಮಿತವಾದ ಎಸ್‌ಕ್ಯುಲೈಟ್ ಕೂತುಬಿಡುತ್ತದೆ, ಎರಡನೇ ಸರ್ವರ್ ಸೇರುವುದಿಲ್ಲ. ಸರ್ವರಿಗೆ 2 ಕೋರ್, 2 ಜಿಬಿ ರ‍್ಯಾಮ್ ಕನಿಷ್ಠ. ಡಿಸ್ಕ್ ಎಸ್‌ಎಸ್‌ಡಿಯೇ ಇರಲಿ, ನಿಧಾನದ ಡಿಸ್ಕಿನಲ್ಲಿ ಎಟ್‌ಸಿಡಿ ಏದುಸಿರು ಬಿಡುತ್ತದೆ.

ಸರ್ವರ್ ಮೂರೇ ಯಾಕೆ ಅಂದರೆ, ಎಟ್‌ಸಿಡಿ ನಡೆಯುವುದು ಬಹುಮತದ ಮೇಲೆ. ಮೂರರಲ್ಲಿ ಒಂದು ಬಿದ್ದರೂ ಕೆಲಸ ಸಾಗುತ್ತದೆ. ಎರಡರಲ್ಲಿ ಒಂದು ಬಿದ್ದರೆ ಕ್ಲಸ್ಟರಿನ ಆಡಳಿತವೇ ನಿಂತುಬಿಡುತ್ತದೆ, ಅಂದರೆ ಎರಡನೆಯದಕ್ಕೆ ಹಾಕಿದ ದುಡ್ಡು ದಂಡ. ಒಂದು ಆಫೀಸಿನಲ್ಲಿ, ಎರಡು ಮುಂಬೈ ಕ್ಲೌಡಿನಲ್ಲಿ ಇಡುವ ಉಳಿತಾಯವೂ ಬೇಡ. ಬ್ರಾಡ್‌ಬ್ಯಾಂಡ್ ತಡವರಿಸಿದಾಗಲೆಲ್ಲ ಆಫೀಸಿನದು ಗುಂಪಿನಿಂದ ಹೊರಬೀಳುತ್ತದೆ. ಮೂರನ್ನೂ ಮುಂಬೈಯಲ್ಲೇ, ಬೇರೆ ಬೇರೆ ಅವೈಲಬಿಲಿಟಿ ಝೋನಿನಲ್ಲಿಟ್ಟು (ಒಂದು ಕೆಟ್ಟರೂ ಇನ್ನೊಂದಕ್ಕೆ ತಟ್ಟದ ಡೇಟಾ ಸೆಂಟರ್ ಗುಂಪುಗಳು), ಮುಂದೆ ವಿನಂತಿಗಳನ್ನು ಮೂರಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಹಾಕಿ. ಡೊಮೇನ್ ಹೆಸರು ಒಂದೇ ಯಂತ್ರದ ಐಪಿ ತೋರಿಸುತ್ತಿದ್ದರೆ ಆ ಯಂತ್ರದ ಜೊತೆಗೇ ಸೈಟೂ ಹೋಗುತ್ತದೆ.

ಹೊಸ ಆವೃತ್ತಿ ಬಿಡುವುದರಲ್ಲಿ ಕೆ3ಎಸ್ ನಿಜಕ್ಕೂ ಗಟ್ಟಿ. ಆ್ಯಪಿನ ಎರಡು ಪ್ರತಿ (ರೆಪ್ಲಿಕಾ) ಓಡುತ್ತಿದ್ದರೆ ಹೊಸ ಪಾಡ್ (ಕಂಟೇನರ್ ಓಡುವ ಘಟಕ) ಮೊದಲು ಏಳುತ್ತದೆ, ಅದು ಸಿದ್ಧವಾದ ಮೇಲೆಯೇ ಹಳೆಯದು ಇಳಿಯುತ್ತದೆ. ಆದರೆ ಸಿದ್ಧವಾಯಿತೆಂದು ಹೇಳುವುದು ನೀವು ಬರೆದ ರೆಡಿನೆಸ್ ಪ್ರೋಬ್ ಎಂಬ ತಪಾಸಣೆ. ಅದು ಇಲ್ಲದಿದ್ದರೆ ಕಂಟೇನರ್ ಶುರುವಾದದ್ದೇ ಸಿದ್ಧವೆಂದು ಲೆಕ್ಕ. ಜಾವಾ ಆ್ಯಪ್ ಏಳಲು 40 ಸೆಕೆಂಡು ಹಿಡಿದರೆ ಆ 40 ಸೆಕೆಂಡೂ ಗಿರಾಕಿಗೆ ‘ಬ್ಯಾಡ್ ಗೇಟ್‌ವೇ’ ಕಾಣುತ್ತದೆ. ಹಳೆಯ ಪಾಡ್ ಇಳಿಯುವಾಗಲೂ ಪ್ರೀಸ್ಟಾಪ್‌ನಲ್ಲಿ (ನಿಲ್ಲುವ ಮೊದಲು ನಡೆಯುವ ಹಂತ) 5 ಸೆಕೆಂಡು ತಡೆಯಿರಿ. ವಿನಂತಿ ಪಡೆಯುವ ಪಾಡ್‌ಗಳ ಪಟ್ಟಿಯಿಂದ ಅದರ ಹೆಸರು ತೆಗೆಯುವುದೂ ‘ನಿಲ್ಲು’ ಎಂಬ ಸೂಚನೆಯೂ ಒಟ್ಟಿಗೇ ಹೊರಡುತ್ತವೆ, ತಡೆಯದಿದ್ದರೆ ನಡುವಿನ ವಿನಂತಿಗಳು ಕಡಿದುಹೋಗುತ್ತವೆ. ಬಿಡುಗಡೆ ಕೆಟ್ಟರೆ ತಾನೇ ಹಿಂದಕ್ಕೆ ಹೋಗುತ್ತದೆ ಅಂತ ಬಹಳ ಮಂದಿ ನಂಬಿದ್ದಾರೆ. ಹೋಗುವುದಿಲ್ಲ. 600 ಸೆಕೆಂಡಾದ ಮೇಲೆ ವಿಫಲ ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ಬಿಡುಗಡೆಯನ್ನು ತಾನಾಗಿ ನಡೆಸುವ ಪೈಪ್‌ಲೈನಿನಲ್ಲಿ ‘ರೋಲ್‌ಔಟ್ ಸ್ಟೇಟಸ್’ ಕಾದು ನೋಡಿ, ಸೋತರೆ ‘ರೋಲ್‌ಔಟ್ ಅನ್‌ಡೂ’ (ಹಿಂದಿನ ಆವೃತ್ತಿಗೆ ಮರಳುವ ಆಜ್ಞೆ) ಓಡಿಸುವ ಎರಡು ಸಾಲು ನೀವೇ ಸೇರಿಸಬೇಕು.

ಯಂತ್ರವೇ ಸತ್ತರೆ ಆಗುವ ತಡ ಇನ್ನೂ ದೊಡ್ಡದು. ಸತ್ತದ್ದು ತಿಳಿಯಲು 40-50 ಸೆಕೆಂಡು, ಪಾಡ್ ಬೇರೆಡೆ ಎಬ್ಬಿಸಲು ಮತ್ತೆ 300 ಸೆಕೆಂಡು. ಒಂದೇ ರೆಪ್ಲಿಕಾ ಇದ್ದರೆ ಸುಮಾರು ಆರು ನಿಮಿಷ ಕತ್ತಲೆ. ಟೆಂಡರ್ ಹಾಕುವ ಹೊತ್ತಿನಲ್ಲಿ ದಲಾಲರು ಆರು ನಿಮಿಷ ಕಾಯಲಾರರು. ಆ 300 ಸೆಕೆಂಡು ಕಾಯಿಸುವ ಟಾಲರೇಶನ್ ಅನ್ನು 60 ಸೆಕೆಂಡಿಗೆ ಇಳಿಸಿ. ತೀರಾ ಕಡಿಮೆ ಮಾಡಿದರೆ ನೆಟ್‌ವರ್ಕ್ ಸ್ವಲ್ಪ ಮಿಸುಕಿದರೂ ಪಾಡ್‌ಗಳು ಜಾಗ ಬದಲಿಸತೊಡಗುತ್ತವೆ. ಎರಡೂ ರೆಪ್ಲಿಕಾ ಒಂದೇ ಯಂತ್ರದಲ್ಲಿ ಕೂರದಂತೆ ಆ್ಯಂಟಿ-ಅಫಿನಿಟಿ ಬರೆಯಿರಿ.

ಕೊರತೆ ಇರುವುದು ಡೇಟಾ ವಿಷಯದಲ್ಲಿ. ಕೆ3ಎಸ್ ಜೊತೆ ಬರುವ ‘ಲೋಕಲ್-ಪಾತ್’ ಸ್ಟೋರೇಜ್ ಒಂದೇ ಯಂತ್ರದ ಡಿಸ್ಕಿಗೆ ಕಟ್ಟಿಹಾಕಿದ್ದು. ಆ ಯಂತ್ರ ಹೋದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಾಡ್ ‘ಪೆಂಡಿಂಗ್’ ಎಂದು ಕೂರುತ್ತದೆ, ಎಷ್ಟು ಕಾದರೂ ಏಳುವುದಿಲ್ಲ. ಡೇಟಾಬೇಸನ್ನು ಕ್ಲಸ್ಟರಿನ ಹೊರಗೇ ಇಡಿ.

ಎಟ್‌ಸಿಡಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ನಕಲು) 12 ತಾಸಿಗೊಮ್ಮೆ ತಾನಾಗಿ ಆಗುತ್ತದೆ, ಕೊನೆಯ 5 ಉಳಿಯುತ್ತವೆ. ಆದರೆ ಅದೇ ಡಿಸ್ಕಿನಲ್ಲಿ! ಎಸ್3 ಎಂಬ ಕ್ಲೌಡ್ ಸಂಗ್ರಹಕ್ಕೆ ಕಳಿಸುವ ಆಯ್ಕೆ ಇದೆ, ಹಾಕಿಕೊಳ್ಳಿ. ಜೊತೆಗೆ ಸರ್ವರ್ ಟೋಕನ್ನನ್ನೂ ಬೇರೆ ಕಡೆ ಜೋಪಾನ ಮಾಡಿ. ಅದು ಕಳೆದರೆ ಸ್ನ್ಯಾಪ್‌ಶಾಟ್ ಕೈಯಲ್ಲಿದ್ದರೂ ಹೊಸ ಯಂತ್ರದಲ್ಲಿ ಕ್ಲಸ್ಟರ್ ಮರಳಿ ಏಳುವುದಿಲ್ಲ.