ಬಳ್ಳಾರಿಯಲ್ಲಿ ಪಿಜಿ ಹುಡುಕ್ತಿರೋರೇ, ಕ್ಯಾಮೆರಾ ನೋಡಿ ಅಡ್ವಾನ್ಸ್ ಕೊಡಬೇಡಿ

ಓದೋಕೆ ಅಂತ ಬಳ್ಳಾರಿಗೆ ಬರೋರು, ಮಕ್ಕಳನ್ನ ಕಳಿಸೋ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ಸಿಟ್ಟಲ್ಲಿ ಬರೀತಿದೀನಿ, ಹಿಂದುಮುಂದಾದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾವಿದ್ದ ಪಿಜಿಯಲ್ಲಿ ಹಾಡಹಗಲು, ಎಲ್ಲರೂ ಕೆಳಗೆ ಊಟಕ್ಕೆ ಕೂತಾಗ, ರೂಮಿನಿಂದ ಎರಡು ಲ್ಯಾಪ್‌ಟಾಪು, ಚಾರ್ಜಿಗಿಟ್ಟಿದ್ದ ಒಂದು ಫೋನು ಹೋದವು. ಬೀಗ ಮುರಿದಿಲ್ಲ. ಹಾಕಿದ ಬೀಗ ಹಾಕಿದ ಹಾಗೇ ಇದೆ, ಬಾಗಿಲು ಮಾತ್ರ ತೆರೆದಿದೆ! ಕೊಂಡಿಯನ್ನ ಚೌಕಟ್ಟಿಗೆ ಹಿಡಿಸಿದ್ದ ನಾಲ್ಕು ಸ್ಕ್ರೂ ಬಿಚ್ಚಿ, ಬೀಗದ ಸಮೇತ ಜೋತುಬಿಟ್ಟು ಹೋಗಿದ್ದಾರೆ. ಸ್ಕ್ರೂ ತಲೆ ಹೊರಗಡೆ ಕಾಣೋ ಹಾಗಿದ್ದರೆ ಸಾವಿರ ರೂಪಾಯಿ ಬೀಗ ಹಾಕಿದರೂ ಅಷ್ಟೇ, ಒಂದು ಸ್ಕ್ರೂಡ್ರೈವರ್ ಸಾಕು. ರೂಮ್ ನೋಡೋಕೆ ಹೋದಾಗ ಮಂಚ, ಫ್ಯಾನು, ಬಾತ್‌ರೂಮ್ ಆಮೇಲೆ ನೋಡಿ. ಮೊದಲು ಬಾಗಿಲು ಮುಚ್ಚಿ, ಹೊರಗೆ ನಿಂತು ಕೊಂಡಿ ನೋಡಿ. ಆರಪಾರ ಬೋಲ್ಟ್ ಹಾಕಿ ಒಳಗಡೆಯಿಂದ ನಟ್ ಬಿಗಿದಿರಬೇಕು, ಇಲ್ಲಾ ಬೀಗ ಹಾಕಿದ ಮೇಲೆ ಸ್ಕ್ರೂಗಳು ಪಟ್ಟಿಯ ಅಡಿಗೆ ಮುಚ್ಚಿಹೋಗಬೇಕು. ಬೀಗ ನಿಮ್ಮದೇ ತನ್ನಿ. ಪಿಜಿಯವರು ಕೊಡೋ ಬೀಗದ ಇನ್ನೊಂದು ಕೀ ಹಳೇ ಬಾಡಿಗೆಯವರ ಹತ್ರ ಇಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?

ಇನ್ನು ಓನರ್ ಮಾತು ಕೇಳಿ. ಸೇರೋವಾಗ "ಸಿಸಿ ಕ್ಯಾಮೆರಾ ಐತಿ, ಇಪ್ಪತ್ನಾಕು ತಾಸು ವಾಚ್‌ಮನ್ ಇರ್ತಾನ, ನಿಮ್ಮ ಮನ್ಯಾಗ ಇದ್ದಂಗ ಇರ್ರಿ" ಅಂದಿದ್ದ ಅದೇ ಮನುಷ್ಯ. ಕಳವಾಯ್ತು ಅಂದ ತಕ್ಷಣ, "ಈಗ್ಲೇ ಸ್ಟೇಷನ್‌ಗೆ ಹೋಗ್ಬ್ಯಾಡ್ರಪ್ಪ, ಹೊರಗಿನೋರು ಯಾರೂ ಬಂದಿಲ್ಲ, ನಿಮ್ಮೊಳಗ ಯಾರೋ ತಗಂಡಾರ. ಸಂಜಿಗೆ ಕ್ಯಾಮೆರಾ ನೋಡಿ ನಾನೇ ಹಿಡ್ದು ಕೊಡ್ತೀನಿ." ಸಂಜೆ ಕೇಳಿದರೆ ಪಾಸ್‌ವರ್ಡ್ ಕ್ಯಾಮೆರಾ ಹಾಕಿದವನ ಹತ್ರ ಐತಿ. ನಾಳೆ ಬರ್ತಾನ.

ಬಂದ. ಮೆಟ್ಟಿಲ ಕೆಳಗಿನ ಡಿವಿಆರ್ ಡಬ್ಬಿ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡೋ ಪೆಟ್ಟಿಗೆ) ಬಿಚ್ಚಿದ. ಒಳಗೆ ಹಾರ್ಡ್ ಡಿಸ್ಕೇ ಇಲ್ಲ. ಡಿಸ್ಕ್ ಕೂಡಿಸೋ ಜಾಗದಲ್ಲಿ ಧೂಳು, ಪಕ್ಕದಲ್ಲಿ ಯಾವುದಕ್ಕೂ ಸಿಗಿಸದ ವೈರು. ಡಿಸ್ಕ್ ಇಲ್ಲದಿದ್ದರೂ ಟಿವಿ ಮೇಲೆ ಲೈವ್ ಚೆನ್ನಾಗೇ ಬರುತ್ತೆ, ರೆಕಾರ್ಡ್ ಮಾತ್ರ ಆಗಲ್ಲ. ನಮಗೆ ಸೇರೋ ದಿನ ತೋರಿಸಿದ್ದು ಅದೇ ಲೈವ್! ಓನರ್‌ಗೆ ಇದು ಗೊತ್ತಿರಲಿಲ್ಲವಂತೆ. ನಂಬಬೇಕಂತೆ. "ಹಂಗಾದ್ರ ನಮ್ಮನ್ನ ಯಾಕ್ರೀ ಕೂರಿಸಿದ್ರಿ" ಅಂದಿದ್ದಕ್ಕೆ ಬಂದ ಉತ್ತರ: "ಬೋರ್ಡಿನ ಮ್ಯಾಲೆ ಬರದೈತಲ್ಲ, ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರಿ ಅಂತ. ಓದಾಕ ಬಂದೋರಿಗೆ ಬೋರ್ಡ್ ಓದಾಕ ಬರಂಗಿಲ್ಲೇನು?"

ಕ್ಯಾಮೆರಾ ಇದೆ ಅಂದರೆ ಲೈವ್ ನೋಡಿ ತಲೆ ಆಡಿಸಬೇಡಿ. ಮೊನ್ನೆ ರಾತ್ರಿದು ಪ್ಲೇಬ್ಯಾಕ್ ಹಾಕಿ ಅನ್ನಿ. ಅದರಲ್ಲಿರೋ ತಾರೀಕು, ಟೈಮು ಸರಿ ಇದೆಯಾ ನೋಡಿ. ಕಳವಾದರೆ ಅದೇ ದಿನ ಆ ಭಾಗದ ಕಾಪಿ ತೆಗೆಸಿ, ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೆ ಹೊಸದು ಕೂತುಬಿಡುತ್ತೆ.

ಓನರ್ ನಮ್ಮನ್ನ ಸುಮ್ಮನೆ ಕೂರಿಸಿದ ಆ ಒಂದು ರಾತ್ರಿಯಲ್ಲೇ ಕಳವಾದ ಫೋನಿನಿಂದ ಬ್ಯಾಂಕಿನ ದುಡ್ಡೂ ಹೋಯ್ತು. ಅದು ಹೇಗೆ ಅಂತ ಹುಡುಗರಿಗೆ ಅರ್ಥ ಆಗಲ್ಲ, "ಫೋನ್ ಲಾಕ್ ಇದೆಯಲ್ಲ" ಅಂತಾರೆ. ಲಾಕ್ ಇರೋದು ಫೋನಿಗೆ, ಸಿಮ್‌ಗಲ್ಲ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಓಟಿಪಿ ಎಲ್ಲಾ ಅಲ್ಲಿಗೇ ಬರುತ್ತೆ. ಮೇಲಿಂದ ಫೋನಿನ ಕವರ್ ಹಿಂದೆ ಎಟಿಎಂ ಕಾರ್ಡ್! ನಮ್ಮಲ್ಲಿ ಅರ್ಧ ಕ್ಲಾಸ್ ಕಾರ್ಡನ್ನ ಅಲ್ಲೇ ಇಡೋದು. ಯುಪಿಐ ಪಿನ್ ಹೊಸದಾಗಿ ಹಾಕೋಕೆ ಎಷ್ಟೋ ಬ್ಯಾಂಕುಗಳಲ್ಲಿ ಕಾರ್ಡಿನ ಕೊನೆಯ 6 ಅಂಕಿ, ಮುಗಿಯೋ ತಿಂಗಳು ವರ್ಷ, ಒಂದು ಓಟಿಪಿ ಇದ್ದರೆ ಆಯ್ತು. ಮೂರೂ ಒಂದೇ ಕಡೆ ಕಟ್ಟಿ ಕೊಟ್ಟ ಹಾಗೆ. ಇವತ್ತೇ ಕಾರ್ಡ್ ತೆಗೆದು ಬೇರೆ ಕಡೆ ಇಡಿ, ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಆನ್ ಮಾಡಿ. ಸಿಮ್ ಪಿನ್ ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಪಿಯುಕೆ (ಸಿಮ್ ಕಂಪನಿಯವರ ಹತ್ರ ಸಿಗೋ ಲಾಕ್ ಬಿಡಿಸೋ ನಂಬರ್) ಕೇಳುತ್ತೆ, ಅದಕ್ಕೇ ಊಹೆ ಮೇಲೆ ಒತ್ತಬೇಡಿ.

ಫೋನ್ ಹೋಯ್ತಾ? ಓನರ್ ಆಮೇಲೆ. ಮೊದಲು ಗೆಳೆಯರ ಫೋನಿಂದ ಸಿಮ್ ಬ್ಲಾಕ್, ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡು, ಯುಪಿಐ ಬ್ಲಾಕ್. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿಂದು. ತಿಳಿಸೋ ಮುಂಚಿನದಕ್ಕೇ ಜಗಳ. ಅದಕ್ಕೇ ಕಂಪ್ಲೇಂಟ್ ನಂಬರ್, ಹೊತ್ತು ಬರೆದಿಟ್ಟುಕೊಳ್ಳಿ.

ಠಾಣೆಯಲ್ಲಿ "ಕಳೆದೈತಿ ಅಂತ ಬರ್ಕೊಡ್ರಿ" ಅಂದರೆ ಒಪ್ಪಬೇಡಿ. ಇ-ಲಾಸ್ಟ್ (ಪೊಲೀಸರ ಆನ್‌ಲೈನ್ ವ್ಯವಸ್ಥೆ) ರಸೀದಿ ಕಳೆದುಹೋದ ವಸ್ತುವಿಗೆ, ಅದು ಎಫ್‌ಐಆರ್ ಅಲ್ಲ. ವಾಸದ ಕಟ್ಟಡದೊಳಗಿನ ಕಳವು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂಗೆ ಬರುತ್ತೆ, 7 ವರ್ಷದವರೆಗೆ ಶಿಕ್ಷೆ ಇದೆ. ಎಫ್‌ಐಆರ್ ಕಾಪಿ ಪುಕ್ಕಟೆ ಕೊಡಬೇಕು. ಠಾಣೆಯವರು ದೂರು ತಗೊಳ್ಳಲಿಲ್ಲ ಅಂದರೆ ಅದನ್ನ ಎಸ್‌ಪಿ ಆಫೀಸಿಗೆ ಅಂಚೆಯಲ್ಲಿ ಕಳಿಸಿ. ಫೋನಿನ ಐಎಂಇಐ ನಂಬರನ್ನ (ಪ್ರತಿ ಫೋನಿಗೂ ಬೇರೆ ಇರೋ ಗುರುತಿನ ನಂಬರ್, *#06# ಒತ್ತಿದರೆ ಬರುತ್ತೆ), ಲ್ಯಾಪ್‌ಟಾಪ್ ಅಡಿಯ ಸೀರಿಯಲ್ ನಂಬರನ್ನ, ಎರಡರ ಬಿಲ್ಲನ್ನ ಮನೆಯವರ ವಾಟ್ಸಾಪಿಗೆ ಈಗಲೇ ಹಾಕಿಡಿ. ಕಳವಾದ ಫೋನ್ ಬ್ಲಾಕ್ ಮಾಡೋ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್ ಮಾಡಿಸೋಕೆ ಪೊಲೀಸ್ ದೂರಿನ ಪ್ರತಿ ಬೇಕು. ಫೋನನ್ನ ದೂರದಿಂದಲೇ ಅಳಿಸೋಕೆ ಅವಸರ ಪಡಬೇಡಿ, ಆಂಡ್ರಾಯ್ಡ್ ಫೋನಾದರೆ ಅಳಿಸಿದ ಮೇಲೆ ಲೊಕೇಶನ್ ಸಿಗಲ್ಲ.

ಇನ್ನೊಂದು, ನಮ್ಮ ಕಡೆ ಬೇಸಿಗೆಗೇ ಅಂತ ಇರೋ ಕಾಟ. ಕೂಲರ್ ಕೂರಿಸೋಕೆ ಕಿಟಕಿ ಗ್ರಿಲ್ ಕತ್ತರಿಸಿರ್ತಾರೆ, ಪಕ್ಕದಲ್ಲಿ ಕೈ ಹೋಗೋಷ್ಟು ಸಂದು. ಬೆಳಗಿನ ಜಾವ ಕೋಲಿಗೆ ಕೊಕ್ಕೆ ಕಟ್ಟಿ ದಿಂಬಿನ ಪಕ್ಕದ ಫೋನ್ ಎಳೀತಾರೆ, ಮೊಳೆಗೆ ಹಾಕಿದ ಪ್ಯಾಂಟೂ ಹೋಗುತ್ತೆ. ಕೂಲರ್ ಶಬ್ದಕ್ಕೆ ಎಚ್ಚರ ಆಗಲ್ಲ. ಆ ಸಂದಿಗೆ ಕಬ್ಬಿಣದ ಜಾಲರಿ ಹಾಕಿಸಿಕೊಡಿ ಅಂತ ಸೇರೋ ಮುಂಚೆನೇ ಕೇಳಿ, ಆಮೇಲೆ ಯಾರೂ ಹಾಕಲ್ಲ.

ಅಡ್ವಾನ್ಸ್ ಕೊಟ್ಟರೆ ಕೈಯಲ್ಲಿ ಕೊಡಬೇಡಿ, ರಸೀದಿ ತಗೊಳ್ಳಿ, ಖಾಲಿ ಮಾಡ್ತೀವಿ ಅನ್ನೋದನ್ನ ಮೆಸೇಜ್‌ನಲ್ಲೇ ಹೇಳಿ. ನಮ್ಮ ಅಡ್ವಾನ್ಸ್ ಇನ್ನೂ ಆ ಮನುಷ್ಯನ ಹತ್ರಾನೇ ಇದೆ. ಕೇಳಿದರೆ, ಕೊಂಡಿ ಕಿತ್ತ ಜಾಗಕ್ಕೆ ಪೇಂಟ್ ಹೊಡಿಸಬೇಕಂತೆ, ಆ ಖರ್ಚು ಹಿಡಕೊಂಡು ಉಳಿದಿದ್ದು ಕೊಡ್ತಾನಂತೆ.