ತೂಕ ಇಳಿಸುವ ಆಪರೇಷನ್‌ಗೆ ಡೇಟ್ ಹಾಕಿಸುವ ಮುನ್ನ ಇದನ್ನು ಓದಿ

ತೂಕ ಇಳಿಸುವ ಆಪರೇಷನ್ ಆದವರಲ್ಲಿ ಒಂದು ಅನಾಹುತ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಹೊಟ್ಟೆಯ ಬಹುಭಾಗ ತೆಗೆದು ಕೊಳವೆಯಂತೆ ಉಳಿಸುವ 'ಸ್ಲೀವ್' ಆಪರೇಷನ್ ಮಾಡಿ ಎರಡನೆಯದೋ ಮೂರನೆಯದೋ ದಿನ ಮನೆಗೆ ಕಳಿಸಿರುತ್ತಾರೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ವಾಂತಿ ಶುರುವಾಗುತ್ತದೆ, ಕುಡಿದ ನೀರೂ ನಿಲ್ಲುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ "ಶುರುವಿನಲ್ಲಿ ಹೀಗೇ ಇರುತ್ತೆ, ನಿಧಾನವಾಗಿ ಕುಡಿಯಿರಿ" ಎನ್ನುತ್ತಾರೆ. ನುಂಗಿದ ಮಾತ್ರೆ ವಾಪಸ್ ಬರುತ್ತದೆಂದು ವಿಟಮಿನ್ನನ್ನೂ ಬಿಟ್ಟಿರುತ್ತಾರೆ. ತೂಕ ಮಾತ್ರ ದಿನದಿನಕ್ಕೂ ಇಳಿಯುತ್ತಿರುತ್ತದೆ, ಅದನ್ನು ನೋಡಿ ಮನೆಯವರಿಗೆಲ್ಲ ಸಂತೋಷ. ನಾಲ್ಕೈದು ವಾರಕ್ಕೆ ಸುಸ್ತು ತಡೆಯಲಾರದೆ ಹತ್ತಿರದ ಯಾವುದೋ ಆಸ್ಪತ್ರೆಗೆ ಹೋದರೆ ಅಲ್ಲಿ ಗ್ಲೂಕೋಸ್ ಡ್ರಿಪ್ ಹಾಕುತ್ತಾರೆ. ಆಮೇಲೆ ಒಂದು ಎರಡಾಗಿ ಕಾಣಿಸತೊಡಗುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ನಡೆದರೆ ತೂರಾಡುತ್ತಾರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಾರೆ.

ಇದು ಥಯಾಮಿನ್, ಅಂದರೆ ವಿಟಮಿನ್ ಬಿ1, ಖಾಲಿಯಾದಾಗ ಆಗುವ ಮೆದುಳಿನ ಹಾನಿ. ಹೆಸರು ವರ್ನಿಕೆ ಎನ್ಸೆಫಲೋಪತಿ. ಬಿ12 ದೇಹದಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಶೇಖರವಾಗಿರುತ್ತದೆ, ಥಯಾಮಿನ್ ಹಾಗಲ್ಲ. ಒಳಗೆ ಹೋಗುವುದು ನಿಂತರೆ ಇದ್ದದ್ದು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಗ್ಲೂಕೋಸನ್ನು ಶಕ್ತಿಯಾಗಿ ಬಳಸಿಕೊಳ್ಳಲು ಜೀವಕೋಶಕ್ಕೆ ಥಯಾಮಿನ್ ಬೇಕೇ ಬೇಕು. ಹೀಗಾಗಿ ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ರೋಗ ಹೊರಬೀಳುತ್ತದೆ. ಬೇಗ ಗುರುತಿಸಿದರೆ ಥಯಾಮಿನ್ ನೇರ ರಕ್ತನಾಳಕ್ಕೆ ಕೊಟ್ಟು ತಿರುಗಿಸಬಹುದು: 200ರಿಂದ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಜೊತೆಗೆ ಮೆಗ್ನೀಸಿಯಂ ಕಡಿಮೆಯಿದ್ದರೆ ಅದೂ. ರಕ್ತದ ರಿಪೋರ್ಟ್ ಬರಲೆಂದು ಕಾಯುವ ಹಾಗಿಲ್ಲ. ತಡವಾದರೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಸ್ಥಿತಿ ಕಾಯಂ ಆಗಬಹುದು.

ತಪ್ಪಿಸುವುದು ಕಷ್ಟವೇನಲ್ಲ. ವಾಂತಿ ಎರಡು ಮೂರು ದಿನ ದಾಟಿದರೆ ಬಾಯಿಯ ಮಾತ್ರೆಯನ್ನು ನಂಬಿ ಕೂರದೆ ಥಯಾಮಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಯಾವ ಆಸ್ಪತ್ರೆಯಲ್ಲೇ ಆಗಲಿ ಗ್ಲೂಕೋಸಿಗೆ ಮೊದಲು ಅದು ಹೋಗಬೇಕು. ಆಪರೇಷನ್ ಹೆಸರು, ದಿನಾಂಕ, ಸರ್ಜನ್ ಫೋನ್ ನಂಬರ್, ಈ ಥಯಾಮಿನ್ ವಿಷಯ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ರಾತ್ರಿ ಎಮರ್ಜೆನ್ಸಿಯಲ್ಲಿರುವ ಡ್ಯೂಟಿ ಡಾಕ್ಟರಿಗೆ ನಿಮ್ಮ ಹೊಟ್ಟೆಯೊಳಗೆ ಏನು ಬದಲಾಗಿದೆ ಎಂದು ಗೊತ್ತಿರುವುದಿಲ್ಲ. ಮೂಗಿನಿಂದ ಟ್ಯೂಬ್ ಇಳಿಸಬೇಕಾದರೂ ನಿಮ್ಮ ಸರ್ಜನ್‌ರನ್ನು ಕೇಳಿಯೇ ಇಳಿಸಬೇಕೆಂದು ಅದರಲ್ಲೇ ಸೇರಿಸಿ, ಹೊಸ ಹೊಲಿಗೆಗೆ ಅದು ಚುಚ್ಚುವ ಅಪಾಯವಿದೆ.

ವಾಂತಿಗೂ ಒಂದು ಕಾರಣ ಇದ್ದೇ ಇರುತ್ತದೆ. ಗಬಗಬನೆ ಕುಡಿದದ್ದು, ಗಟ್ಟಿ ಆಹಾರಕ್ಕೆ ಬೇಗ ಹೋದದ್ದು ಸಾಮಾನ್ಯ ಕಾರಣಗಳು. ಅದನ್ನು ಸರಿಮಾಡಿದ ಮೇಲೂ ನಿಲ್ಲದಿದ್ದರೆ ಸ್ಲೀವ್ ನಡುವೆ, ಹೊಟ್ಟೆ ಬಾಗುವ ಜಾಗದಲ್ಲಿ, ಕಿರಿದಾಗಿರಬಹುದು ಇಲ್ಲವೇ ತಿರುಚಿಕೊಂಡಿರಬಹುದು. ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ತೆಗೆದರೆ ಅಥವಾ ಎಂಡೋಸ್ಕೋಪಿ ಮಾಡಿದರೆ ತಿಳಿಯುತ್ತದೆ, ಬಲೂನಿನಿಂದ ಹಿಗ್ಗಿಸಿ ಹಲವರಲ್ಲಿ ಸರಿಪಡಿಸಲೂ ಬರುತ್ತದೆ.

ಈ ಅನಾಹುತದಲ್ಲಿ ಸರ್ಜನ್ ಕೈತಪ್ಪು ಒಂದೂ ಇಲ್ಲದಿರಬಹುದು. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ಕೈಕೊಟ್ಟಿದ್ದು ಆಮೇಲಿನ ಏರ್ಪಾಡು. ಆದ್ದರಿಂದ ನಿರ್ಧಾರ ಮಾಡುವಾಗ ಕಿರಿದಾದ ಗಾಯ, ಎಷ್ಟು ದಿನದಲ್ಲಿ ಡಿಸ್ಚಾರ್ಜ್ ಎಂದೆಲ್ಲ ಕೇಳುವ ಮೊದಲು ಇದನ್ನು ಕೇಳಿ: ಆಮೇಲೆ ಯಾರು ನೋಡಿಕೊಳ್ಳುತ್ತಾರೆ? ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಡಯಟೀಷಿಯನ್ ಯಾರು, ರಾತ್ರಿ ಫೋನ್ ಎತ್ತುವವರು ಯಾರು, ಎರಡನೇ ಆಪರೇಷನ್ ಬೇಕಾದರೆ ಅದರ ಖರ್ಚು ಯಾರದು? ಉತ್ತರ ತೊದಲಿದರೆ ಡೇಟ್ ಹಾಕಿಸಬೇಡಿ. ಮೊದಲ ಭೇಟಿಯಲ್ಲೇ ಅಡ್ವಾನ್ಸ್ ಕಟ್ಟಿಸಿಕೊಳ್ಳುವ ಕಡೆಯಿಂದಂತೂ ಎದ್ದು ಬರುವುದೇ ಲೇಸು.

ಇನ್ನು ಅಂಕಿಗಳ ಆಟ. "ಶೇ. 60ರಷ್ಟು ಹೆಚ್ಚುವರಿ ತೂಕ ಇಳಿಯುತ್ತದೆ" ಎಂಬ ಮಾತಿನಲ್ಲಿ "ಹೆಚ್ಚುವರಿ" ಎಂಬುದು ಎಷ್ಟೋ ಜನರ ಕಿವಿಗೆ ಬೀಳುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. 165 ಸೆಂಟಿಮೀಟರ್ ಎತ್ತರ, 120 ಕಿಲೋ ತೂಕ ಇದ್ದವರ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ, 44. ಆ ಎತ್ತರಕ್ಕೆ ಬಿಎಂಐ 25 ಆಗಬೇಕಾದರೆ 68 ಕಿಲೋ ಇರಬೇಕು. ಹೆಚ್ಚುವರಿ ಎಂದರೆ ಈ ನಡುವಿನ 52 ಕಿಲೋ, ಅದರ ಶೇ. 60 ಅಂದರೆ 31 ಕಿಲೋ. ಅವರು ಬಂದು ನಿಲ್ಲುವುದು 89 ಕಿಲೋಗೆ, ಬಿಎಂಐ ಇನ್ನೂ 33ರ ಹತ್ತಿರ. ಡಯಾಬಿಟಿಸ್, ಉಸಿರುಗಟ್ಟುವ ಗೊರಕೆ, ಮೊಣಕಾಲು ನೋವಿಗೆ ಇದು ಬಹಳ ದೊಡ್ಡ ಲಾಭ. ಆದರೆ 68ರ ಕನಸಿನಲ್ಲಿ ಹೋದವರಿಗೆ ಮೋಸ ಹೋದಂತೆ ಅನಿಸುತ್ತದೆ. ಜೊತೆಗೆ, ಒಂದೆರಡು ವರ್ಷದ ನಂತರ ಸ್ವಲ್ಪ ತೂಕ ವಾಪಸ್ ಬರುವುದೂ ಸಾಮಾನ್ಯ.

ಯಾರಿಗೆ ಆಪರೇಷನ್ ಎಂಬುದಕ್ಕೆ 1991ರಿಂದ ಬಿಎಂಐ 40, ಕಾಯಿಲೆಗಳಿದ್ದರೆ 35 ಎಂಬ ಗೆರೆಯಿತ್ತು. 2022ರಲ್ಲಿ ತಜ್ಞರ ಸಂಘಗಳು ಅದನ್ನು 35ಕ್ಕೆ, ಡಯಾಬಿಟಿಸ್‌ನಂಥ ಕಾಯಿಲೆ ಇದ್ದವರಿಗೆ 30ಕ್ಕೆ ಇಳಿಸಿದವು. ಏಷ್ಯಾದವರಿಗೆ 27.5 ದಾಟಿದರೆ ಪರಿಗಣಿಸಬಹುದು ಎಂದವು. ಗೆರೆಯೊಳಗೆ ಬಂದಿರಿ ಎಂದ ಮಾತ್ರಕ್ಕೆ ಮಾಡಿಸಲೇಬೇಕು ಅಂತಲ್ಲ. ಈಗ ತೂಕ ಇಳಿಸುವ ಸೆಮಗ್ಲುಟೈಡ್, ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳೂ ಇವೆ. ಅವನ್ನು ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ, ಆದರೆ ಸ್ಲೀವ್‌ನಲ್ಲಿ ಕತ್ತರಿಸಿ ತೆಗೆದ ಹೊಟ್ಟೆಯನ್ನು ಮತ್ತೆ ಜೋಡಿಸಲಾಗದು ಎಂಬುದನ್ನೂ ತೂಗಿ ನೋಡಬೇಕು.

ಯಾವ ಆಪರೇಷನ್ ಎಂಬಲ್ಲೂ ದೊಡ್ಡ ತಪ್ಪುಗಳಾಗುತ್ತವೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ, ಕೆಲವೊಮ್ಮೆ ಶೇ. 80ರವರೆಗೆ, ಉದ್ದಕ್ಕೆ ಸ್ಟೇಪಲ್ ಹಾಕಿ ತೆಗೆಯುತ್ತಾರೆ. ಉಳಿಯುವುದು ಕಿರಿದಾದ ಕೊಳವೆ, ಅದರೊಳಗೆ ಒತ್ತಡ ಜಾಸ್ತಿ. ಮೊದಲೇ ಎದೆಯುರಿ, ಹುಳಿತೇಗು ಜೋರಾಗಿದ್ದವರಿಗೆ ಇದು ಇನ್ನಷ್ಟು ಹೆಚ್ಚಬಹುದು, ಕೆಲವರಿಗೆ ಅದಕ್ಕೆಂದೇ ಆಮೇಲೆ ಬೈಪಾಸ್ ಮಾಡಬೇಕಾಗುತ್ತದೆ. ಅಂಥವರಿಗೆ ಮೊದಲೇ ಬೈಪಾಸ್ ಸೂಕ್ತ. ಅದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನಷ್ಟೇ ಬೇರ್ಪಡಿಸಿ ಕರುಳಿಗೆ ಜೋಡಿಸುತ್ತಾರೆ. ಎಂಡೋಸ್ಕೋಪಿ ಮಾಡದೆ ಸ್ಲೀವ್‌ಗೆ ಹತ್ತಿಸುವುದು ನಮ್ಮ ಪ್ರಕಾರ ಬೇಜವಾಬ್ದಾರಿ.

ಸಿಗರೇಟು ಸೇದುವವರಿಗೆ ಬೈಪಾಸ್ ಜೋಡಣೆಯಲ್ಲಿ ಹುಣ್ಣಾಗುವ ಅಪಾಯ ಬಹಳ. ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಆಮೇಲೆ ಮುಟ್ಟಲೇಬಾರದು. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳಿಗೂ ಇದೇ ಮಾತು. ಬೈಪಾಸ್ ಆದಮೇಲೆ ಮದ್ಯ ಬೇಗ ಏರುತ್ತದೆ, ಕುಡಿತದ ಚಟ ಹತ್ತುವ ಸಾಧ್ಯತೆಯೂ ಹೆಚ್ಚು. ಡಯಾಬಿಟಿಸ್ ಇದ್ದವರು ಇನ್ಸುಲಿನ್, ಗ್ಲಿಮಿಪಿರೈಡ್ ಪ್ರಮಾಣ ಬದಲಿಸದೆ ಮನೆಗೆ ಬಂದರೆ ಶುಗರ್ ಕುಸಿದು ಬೀಳುತ್ತಾರೆ. ಡಪಾಗ್ಲಿಫ್ಲೋಜಿನ್‌ನಂಥ, ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಡಯಾಬಿಟಿಸ್ ಮಾತ್ರೆಯನ್ನು ಆಪರೇಷನ್‌ಗೆ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಶುಗರ್ ಹೆಚ್ಚಿಲ್ಲದೆಯೂ ರಕ್ತದಲ್ಲಿ ಆಮ್ಲ ಅಪಾಯಕ್ಕೇರುವ ಕೀಟೋಆಸಿಡೋಸಿಸ್ ಆಗಬಹುದು.

ಮನೆಗೆ ಬಂದ ಮೊದಲ ಎರಡು ವಾರ ನಾಡಿಯ ಮೇಲೆ ಕಣ್ಣಿಡಿ. ಸುಮ್ಮನೆ ಮಲಗಿದ್ದರೂ ನಿಮಿಷಕ್ಕೆ 120 ದಾಟುವುದು, ಜ್ವರ, ಎಡ ಭುಜದ ನೋವು, ಏದುಸಿರು ಇವು ಸ್ಟೇಪಲ್ ಸಾಲು ಸೋರುತ್ತಿರುವ ಲಕ್ಷಣವಾಗಿರಬಹುದು. ಹೊಟ್ಟೆ ಮುಟ್ಟಿದರೆ ಮೆತ್ತಗೇ ಇರಬಹುದು, ಅದನ್ನು ನಂಬಬೇಡಿ. ಕಾಲು ಊದಿ ನೋವು, ಹಠಾತ್ ಉಸಿರಾಟದ ತೊಂದರೆ ಬಂದರೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರುವ ಅನುಮಾನ. ಎರಡಕ್ಕೂ ಬೆಳಗಾಗಲೆಂದು ಕಾಯಬಾರದು.

ಊಟದ ಕ್ರಮ ಹೀಗೆ: ಮೊದಲ ಎರಡು ವಾರ ದ್ರವ, ನಾಲ್ಕನೇ ವಾರದವರೆಗೆ ರುಬ್ಬಿದ್ದು, ಆರನೇ ವಾರದವರೆಗೆ ಮೆತ್ತಗಿನದು, ಆಮೇಲೆ ಗಟ್ಟಿ. ಕಾಲು ಗಂಟೆಗೆ 30 ಮಿಲಿಲೀಟರಿನಂತೆ ಗುಟುಕರಿಸಿ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಬೇಕು. ಪ್ರೋಟೀನ್ 60 ಗ್ರಾಂಗಿಂತ ಕಡಿಮೆಯಾಗಬಾರದು. ಮಾತ್ರೆಗಳದ್ದೇ ಗೊಂದಲ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಆದರೆ ಒಮ್ಮೆಗೆ 500-600ಕ್ಕಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾಗಿರುವುದರಿಂದ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಳ್ಳೆಯದು. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆ ನುಂಗಿದರೆ ಕಬ್ಬಿಣ ವ್ಯರ್ಥ, ನಡುವೆ ಎರಡು ಗಂಟೆ ಬಿಡಬೇಕು. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿಲಿಗ್ರಾಂ. ಬಿ12 ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್, ಇಲ್ಲವೇ ದಿನವೂ ಮಾತ್ರೆ. ವಿಟಮಿನ್ ಡಿ 3000 ಯೂನಿಟ್, ಜೊತೆಗೆ ಮಲ್ಟಿವಿಟಮಿನ್. ಇದೆಲ್ಲ ಜೀವನಪರ್ಯಂತ; ನುಂಗಲು ಬೇಜಾರಾಗುವ ಜಾಯಮಾನದವರು ಈಗಲೇ ಯೋಚಿಸಿ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುತ್ತದೆ, ಬಹುಪಾಲು ಮತ್ತೆ ಬರುತ್ತದೆ. ವಿಚಿತ್ರವೆಂದರೆ ಜನ ಕೂದಲಿಗೆ ಓಡಿ ಬರುವಷ್ಟು ಬೇಗ ವಾಂತಿಗೆ ಬರುವುದಿಲ್ಲ.

ಮಕ್ಕಳಾಗಿಲ್ಲವೆಂದು ಕೊರಗುತ್ತಿದ್ದವರಿಗೂ ತೂಕ ಇಳಿದ ಕೂಡಲೇ ಗರ್ಭ ನಿಲ್ಲಬಹುದು. 12ರಿಂದ 18 ತಿಂಗಳು ಮುಂದೂಡಬೇಕು, ಬೈಪಾಸ್ ಆದವರು ಅದಕ್ಕೆ ಬಾಯಿಯ ಗರ್ಭನಿರೋಧಕ ಮಾತ್ರೆಯೊಂದನ್ನೇ ನೆಚ್ಚಿಕೊಳ್ಳಬಾರದು.

ಬೈಪಾಸ್‌ನವರಿಗೆ ಇನ್ನೊಂದು ಅಪಾಯ ವರ್ಷಗಳ ನಂತರವೂ ಬರುತ್ತದೆ. ತೂಕ ಇಳಿದಂತೆ ಕರುಳಿನ ಸುತ್ತಲ ಕೊಬ್ಬು ಕರಗಿ, ಆಪರೇಷನ್ನಿನಲ್ಲಿ ಉಂಟಾದ ಸಂದುಗಳು ಅಗಲವಾಗುತ್ತವೆ. ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಉಂಡ ಮೇಲೆ ಹಿಂಡಿದಂತೆ ನೋವು ಬಂದು ಹೋಗುತ್ತಿರುತ್ತದೆ, ಗ್ಯಾಸ್ ಎಂದುಕೊಂಡು ಸುಮ್ಮನಾಗುತ್ತಾರೆ. ಸಿಟಿ ಸ್ಕ್ಯಾನ್ ಕೂಡ ಕೆಲವೊಮ್ಮೆ ನಾರ್ಮಲ್ ಬರುತ್ತದೆ. ನೋವು ಬಿಡದಿದ್ದರೆ, ಸ್ಕ್ಯಾನ್ ಏನೇ ಹೇಳಲಿ, ಬೈಪಾಸ್ ಮಾಡಿ ಗೊತ್ತಿರುವ ಸರ್ಜನ್ ಲ್ಯಾಪರೊಸ್ಕೋಪ್ ಹಾಕಿ ಒಳಗೆ ನೋಡಲೇಬೇಕು. ರಕ್ತ ನಿಂತ ಕರುಳು ಕೊಳೆಯಲು ಕೆಲವು ಗಂಟೆ ಸಾಕು.