ಭಾರದ ಎಸ್‌ಯುವಿಗೆ ಚಾಸಿಸ್ ಬ್ರೇಸ್ ಹಾಕಿಸಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೋಸ ಹೋದೆ. ಗಾಡಿ ಬಗ್ಗೆ ನನಗೂ ಒಂದಿಷ್ಟು ಗೊತ್ತು ಅಂತ ಜಂಬ ಪಡುತ್ತಿದ್ದವನು, ಹೋಗಿ ಹೋಗಿ ಚಾಸಿಸ್ ಬ್ರೇಸ್ ಅನ್ನುವ, ಗಾಡಿಯ ಚೌಕಟ್ಟು ತಿರುಚದಂತೆ ಅಡ್ಡಕ್ಕೆ ಕಟ್ಟುವ ನಾಲ್ಕು ಕಬ್ಬಿಣದ ಕಂಬಿಗೆ ದುಡ್ಡು ಸುರಿದು ಬಂದೆ. ಅದರಲ್ಲಿ ಕೆಂಪು ಬಣ್ಣದ್ದೊಂದು ಈಗ ಮನೆಯ ಮೂಲೆಯಲ್ಲಿ ಒರಗಿಕೊಂಡಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನನ್ನದು ಲ್ಯಾಡರ್ ಫ್ರೇಮ್ (ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು) ಇರುವ ಡೀಸೆಲ್ ಎಸ್‌ಯುವಿ. ತೂಕ 2 ಟನ್‌ಗಿಂತ ಜಾಸ್ತಿ. 90 ಸಾವಿರ ಕಿಲೋಮೀಟರ್ ಓಡಿದೆ. ತಿರುವಿನಲ್ಲಿ ತುಂಬಾ ವಾಲುತ್ತಿತ್ತು. ಹೈವೇಯಲ್ಲಿ ಲೇನ್ ಬದಲಿಸಿದರೆ ಎರಡು ಸಲ ತೂಗಾಡಿ ಆಮೇಲೆ ನೆಟ್ಟಗಾಗುತ್ತಿತ್ತು. ಇದನ್ನು ಓದಿದ ತಕ್ಷಣ ನಿಮ್ಮಲ್ಲಿ ಅರ್ಧ ಜನ "ಶಾಕ್ ಅಬ್ಸಾರ್ಬರ್ ಹೋಗಿದೆ ಮಾರಾಯ" ಅಂದಿರುತ್ತೀರಿ. ಹೌದು. ಎಲ್ಲರಿಗೂ ಗೊತ್ತಾಗುತ್ತದೆ. ನನಗೊಬ್ಬನಿಗೆ ಆವತ್ತು ಗೊತ್ತಾಗಲಿಲ್ಲ.

ಅಂಗಡಿಯವನು ಗಾಡಿ ಕೆಳಗೆ ಬಗ್ಗಿಯೂ ನೋಡಲಿಲ್ಲ. ಬಾನೆಟ್ ಎತ್ತಿದ, ಎರಡೂ ಕಡೆ ಫೆಂಡರ್ ತಟ್ಟಿದ, ಡಾಕ್ಟರ್ ಥರ ಮುಖ ಮಾಡಿದ. "ಸರ್, ಭಾರದ ಗಾಡಿ. ತಿರುವಿನಲ್ಲಿ ಚಾಸಿಸ್ಸೇ ತಿರುಚಿಕೊಳ್ಳುತ್ತೆ. ಬ್ರೇಸ್ ಹಾಕಿದ್ರೆ ಕಾರಿನ ಥರ ಓಡುತ್ತೆ." ಮುಂದೆ ಮೇಲ್ಗಡೆ ಒಂದು ಸ್ಟ್ರಟ್ ಬಾರ್ (ಬಾನೆಟ್ ಒಳಗೆ ಎಡದಿಂದ ಬಲಕ್ಕೆ ಹಾಯುವ ಕಂಬಿ), ಕೆಳಗಡೆ ಮೂರು ಬ್ರೇಸ್, ಒಟ್ಟು ನಾಲ್ಕು. ನಾನು ಎರಡನೇ ಮಾತಾಡದೆ ಹೂಂ ಅಂದೆ. ಕೆಂಪು ಬಣ್ಣ ಚೆನ್ನಾಗಿತ್ತು, ಅದೂ ನಿಜ.

ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಓಡಿಸಿ ನೋಡಿ ಅಂದ. ಓಡಿಸಿದೆ. ಇಲ್ಲಿ ಕೇಳಿ, ಈ ಬರಹ ಬರೆಯುತ್ತಿರುವುದೇ ಇದಕ್ಕಾಗಿ. ಗಾಡಿ ನಿಜವಾಗಿಯೂ ಬದಲಾಗಿತ್ತು! ಸ್ಟೇರಿಂಗ್ ಚುರುಕಾಗಿತ್ತು. ಸ್ವಲ್ಪ ತಿರುಗಿಸಿದರೆ ಸಾಕು, ಮೂತಿ ತಿರುಗುತ್ತಿತ್ತು. ರಸ್ತೆಯ ಸಣ್ಣ ಕಲ್ಲು ಕೂಡ ಕೈಗೆ ಗೊತ್ತಾಗುತ್ತಿತ್ತು. "ಗಟ್ಟಿಯಾಗಿದೆ ಅಲ್ವಾ ಸರ್?" ಅಂದ. "ಸಕ್ಕತ್ತಾಗಿದೆ" ಅಂದೆ. ಗಾಡಿ ಪಕ್ಕ ಹೆಬ್ಬೆರಳು ಎತ್ತಿ ನಿಂತು ಫೋಟೋನೂ ತೆಗೆಸಿಕೊಂಡೆ. ಆ ಫೋಟೋ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾರನೇ ದಿನ ಬೆಳಿಗ್ಗೆ, ಇಂಜಿನ್ ಶುರು ಮಾಡುವ ಮೊದಲು, ಸುಮ್ನೆ ಅಭ್ಯಾಸದಂತೆ ಟೈರ್ ಗಾಳಿ ನೋಡಿದೆ. ಬಾಗಿಲ ಕಂಬದ ಸ್ಟಿಕರ್‌ನಲ್ಲಿ 33 ಪಿಎಸ್‌ಐ ಅಂತಿದೆ. ನಾನು ಯಾವಾಗಲೂ ಅಷ್ಟೇ ಇಡುತ್ತೇನೆ. ಮೀಟರ್ 41 ತೋರಿಸಿತು. ಇನ್ನೊಂದು ಚಕ್ರ, 41. ನಾಲ್ಕೂ 41. ಅದೂ ಟೈರ್ ತಣ್ಣಗಿರುವಾಗ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗಾಳಿ ಜಾಸ್ತಿ ತುಂಬಿದರೆ ಟೈರಿನ ಪಕ್ಕದ ಗೋಡೆ ಬಿಗಿಯಾಗುತ್ತದೆ, ಸ್ಟೇರಿಂಗ್ ಚುರುಕಾಗುತ್ತದೆ, ಸಣ್ಣ ಕಲ್ಲೂ ಕೈಗೆ ಕುಟ್ಟುತ್ತದೆ. ನಾನು ಹಿಂದಿನ ದಿನ "ಸಕ್ಕತ್ತಾಗಿದೆ" ಅಂದಿದ್ದು ಇದಕ್ಕೆ! ಗಾಳಿ ಬಿಟ್ಟು 33ಕ್ಕೆ ತಂದೆ, ಒಂದು ಸುತ್ತು ಹೋದೆ. ಅದೇ ವಾಲಾಟ. ಅದೇ ತೂಗಾಟ. ಆ ಗಟ್ಟಿತನ ಗಾಳಿಯ ಜೊತೆಗೇ ಹೊರಟುಹೋಗಿತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಹೌದಾ ಸರ್? ಹುಡುಗರು ಫ್ರೀಯಾಗಿ ಗಾಳಿ ತುಂಬಿಸಿಕೊಟ್ಟಿರಬೇಕು. ಅದು ನಮ್ಮ ಸರ್ವಿಸ್ ಸರ್."

ಸರ್ವಿಸ್ ಅಂತೆ! 8 ಪಿಎಸ್‌ಐ ಸರ್ವಿಸ್!

ಹಾಗಾದರೆ ಬ್ರೇಸಿನ ಫಲ ಎಲ್ಲಿ ಅಂತ ಕೇಳಿದೆ. "ಅದು ಸೆಟ್ ಆಗೋಕೆ ಸಾವಿರ ಕಿಲೋಮೀಟರ್ ಬೇಕು ಸರ್" ಅಂದ. ಕಬ್ಬಿಣದ ಕಂಬಿ ಏನು ಹೊಸ ಚಪ್ಪಲಿನಾ, ಕಾಲಿಗೆ ಹೊಂದಿಕೊಳ್ಳೋಕೆ? ಆದರೂ, ಹೇಳಿಕೊಳ್ಳಲು ನಾಚಿಕೆ, ನಾನು ಸಾವಿರ ಕಿಲೋಮೀಟರ್ ಓಡಿಸಿದೆ. ಏನೂ ಆಗಲಿಲ್ಲ. ಆಗಿದ್ದು ಒಂದೇ, ಎರಡು ವಾರಕ್ಕೆ ಕೆಳಗಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು.

ಆಗ ನನಗೆ ಗೊತ್ತಿದ್ದ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತಿ ಕೆಂಪು ಕಂಬಿ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಕಂಬಿ ನೋಡಿದರು. "ಇದನ್ನ ಎಲ್ಲಿಗೆ ಕಟ್ಟಿದ್ದಾರೆ ಗೊತ್ತಾ?" ಅಂದರು. ಸ್ಟ್ರಟ್ ಮೇಲ್ಭಾಗಕ್ಕೆ ಅಂದೆ. "ನಿಮ್ಮ ಗಾಡಿಲಿ ಸ್ಟ್ರಟ್ ಎಲ್ಲಿದೆ?" ಅಂದರು.

ನಿಜ. ಇಲ್ಲ! ಸ್ಟ್ರಟ್ ಬಾರ್ ಅನ್ನುವುದು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕು ಒಂದರಲ್ಲೇ ಸೇರಿರುವ ಕಂಬ) ಇರುವ ಮೊನೊಕಾಕ್ ಗಾಡಿಗೆ, ಅಂದರೆ ಬೇರೆ ಫ್ರೇಮ್ ಇಲ್ಲದೆ ಬಾಡಿಯೇ ಚೌಕಟ್ಟಾಗಿರುವ ಗಾಡಿಗೆ. ಅಲ್ಲಿ ಸ್ಟ್ರಟ್ಟಿನ ತಲೆ ಬಾಡಿಗೇ ಕೂತಿರುತ್ತದೆ, ತಿರುವಿನಲ್ಲಿ ಅದನ್ನು ಅಡ್ಡಕ್ಕೆ ತಳ್ಳುತ್ತದೆ. ಎರಡು ತಲೆಯನ್ನೂ ಒಂದು ಕಂಬಿಯಿಂದ ಕಟ್ಟಿದರೆ ಅಲುಗಾಟ ಸ್ವಲ್ಪ ಕಡಿಮೆಯಾಗುತ್ತದೆ. ನನ್ನದರಲ್ಲಿ ಮುಂದೆ ಡಬಲ್ ವಿಶ್‌ಬೋನ್. ಅಂದರೆ ಒಂದೊಂದು ಚಕ್ರವನ್ನೂ ಎರಡು ತೋಳು (ಆರ್ಮು) ಹಿಡಿದಿರುತ್ತವೆ. ಮೇಲಿನ ಆರ್ಮು, ಕೆಳಗಿನ ಆರ್ಮು, ಸ್ಪ್ರಿಂಗು, ಶಾಕು ಎಲ್ಲ ಫ್ರೇಮಿಗೇ ಕೂತಿವೆ. ಬಾಡಿ ಆ ಫ್ರೇಮಿನ ಮೇಲೆ ರಬ್ಬರ್ ಮೌಂಟ್ ಇಟ್ಟು ಕೂರಿಸಿದ ಬೇರೆಯದೇ ಡಬ್ಬ. ನನ್ನ ಕೆಂಪು ಕಂಬಿ ಆ ಡಬ್ಬದ ಎರಡು ತಗಡನ್ನು ಒಂದಕ್ಕೊಂದು ಕಟ್ಟಿತ್ತು, ಅಷ್ಟೇ. ಚಕ್ರಕ್ಕೂ ಅದಕ್ಕೂ ಮಧ್ಯೆ ರಬ್ಬರ್ ಇದೆ. ಚಕ್ರದ ಕಡೆಯಿಂದ ಬರುವ ಭಾರ ಆ ದಾರಿಯಲ್ಲಿ ಬರುವುದೇ ಇಲ್ಲ!

ಸಾಲದ್ದಕ್ಕೆ ಇಂಜಿನ್ ತಪ್ಪಿಸಲು ಕಂಬಿಯನ್ನು ಬಿಲ್ಲಿನಂತೆ ಬಗ್ಗಿಸಿದ್ದರು. ನೆಟ್ಟಗಿರುವ ಕಂಬಿ ತಳ್ಳಿದರೆ ತಡೆಯುತ್ತದೆ. ಬಗ್ಗಿದ್ದು ತಳ್ಳಿದರೆ ಇನ್ನಷ್ಟು ಬಗ್ಗುತ್ತದೆ. ಎರಡೂ ತುದಿಯಲ್ಲಿ ಒಂದೊಂದೇ ಬೋಲ್ಟು, ಕೀಲಿನ ಥರ ತಿರುಗುತ್ತಿತ್ತು.

ಕೆಳಗಿನದು ಇನ್ನೂ ಕೆಟ್ಟದಾಗಿತ್ತು. ಗಾಡಿಯ ಹಳೆಯ ಬೋಲ್ಟನ್ನೇ ಬಿಚ್ಚಿ, ಮಧ್ಯೆ 5 ಮಿಲಿಮೀಟರ್ ದಪ್ಪದ ಪ್ಲೇಟ್ ಸೇರಿಸಿ, ಅದೇ ಬೋಲ್ಟು ಮತ್ತೆ ಹಾಕಿದ್ದರು. ಅಂದರೆ ಥ್ರೆಡ್ಡಿನ ಹಿಡಿತ 5 ಮಿಲಿಮೀಟರ್ ಕಡಿಮೆಯಾಯಿತು. ಅದೂ ಸಸ್ಪೆನ್ಷನ್ ಹಿಡಿದಿರುವ ಬೋಲ್ಟು! ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಮುಟ್ಟಿಲ್ಲ, ಏರ್ ಗನ್ನಿನಲ್ಲಿ ಗರ್ ಅನ್ನಿಸಿ ಕಳಿಸಿದ್ದಾರೆ. ಎರಡು ಬೋಲ್ಟು ಕೈಯಲ್ಲಿ ತಿರುಗುವಷ್ಟು ಸಡಿಲ. ಟಕ್ ಟಕ್ ಅದೇ. ಮಕ್ಕಳನ್ನು ಕೂರಿಸಿಕೊಂಡು ಎರಡು ವಾರ ಅದರಲ್ಲಿ ಓಡಾಡಿದ್ದೇನೆ, ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ. ಇನ್ನೊಂದು ಬ್ರೇಸ್ ಸರಿಯಾಗಿ ಆಯಿಲ್ ಡ್ರೈನ್ ಪ್ಲಗ್ಗಿನ ಕೆಳಗೇ ಇತ್ತು. ಪ್ರತಿ ಸಲ ಆಯಿಲ್ ಬದಲಿಸಲು ಅದನ್ನು ಬಿಚ್ಚಬೇಕು. ಹಂಪ್ ಮೇಲೆ ಉಜ್ಜಿ ಉಜ್ಜಿ ಅದರ ಬಣ್ಣ ಆಗಲೇ ಹೋಗಿತ್ತು. ನಾಲ್ಕೂ ಬಿಚ್ಚಿ ತೂಕ ಹಾಕಿದೆವು, 13 ಕಿಲೋ.

ನಿಜವಾದ ರೋಗ ಏನಿತ್ತು ಅಂದರೆ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿದ್ದವು. ಕೆಳಗಿನ ಆರ್ಮಿನ ಬುಷ್ (ಕೀಲಿನ ರಬ್ಬರ್) ಹರಿದಿತ್ತು. ಎರಡನ್ನೂ ಬದಲಿಸಿ ಅಲೈನ್‌ಮೆಂಟ್ ಮಾಡಿಸಿದೆ. ತೂಗಾಟ ಹೋಯಿತು. ವಾಲುವುದು ಸ್ವಲ್ಪ ಇದೆ, ಇರುತ್ತದೆ, ಎತ್ತರದ ಗಾಡಿ. ವಾಲುವುದನ್ನು ಹಿಡಿಯುವುದು ಸ್ಪ್ರಿಂಗು ಮತ್ತು ಆಂಟಿ ರೋಲ್ ಬಾರು (ಎಡ ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಕಂಬಿ). ತೂಗಾಟವನ್ನು ಹಿಡಿಯುವುದು ಶಾಕು. ಬ್ರೇಸ್ ಇವೆರಡರಲ್ಲಿ ಯಾವುದೂ ಅಲ್ಲ. ಆಂಟಿ ರೋಲ್ ಬಾರೂ ಒಂದು ಕಂಬಿಯೇ ಆದ್ದರಿಂದ ಇವರು ಎರಡನ್ನೂ ಬೇಕಂತಲೇ ಕಲಸಿ ಹೇಳುತ್ತಾರೆ, ಹುಷಾರು.

ಆದರೂ ಮನಸ್ಸು ಕೇಳಲಿಲ್ಲ. ಕೊಟ್ಟ ದುಡ್ಡು ನೋಡಿ. ಕೆಂಪು ಕಂಬಿಯನ್ನು ಮತ್ತೆ ಹಾಕಿ, ತೆಗೆದು, ಹಾಕಿ, ನನ್ನ ತಂಗಿಗೆ ಹೇಳದೆ ಅವಳ ಕೈಯಲ್ಲಿ ನಾಲ್ಕು ಸಲ ಓಡಿಸಿದೆ. ಅವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಕಂಬಿ ಇದೆಯಾ ಇಲ್ವಾ ಹೇಳು ಅಂದೆ. ನಾಲ್ಕರಲ್ಲಿ ಎರಡು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಕೊನೆಗೆ ಅವಳು "ಅಣ್ಣ, ಇದೇನು ಆಟ, ನನಗೆ ಕೆಲಸ ಇದೆ" ಅಂತ ಕೀ ಕೊಟ್ಟು ಹೋದಳು.

ಬ್ರೇಸ್ ಎಲ್ಲವೂ ಸುಳ್ಳು ಅನ್ನುತ್ತಿಲ್ಲ. ಮೇಲ್ಛಾವಣಿ ತೆಗೆಯುವ ಕಾರುಗಳಿಗೆ ಕಂಪನಿಯೇ ಕೆಳಗೆ ಹೆಚ್ಚುವರಿ ಬ್ರೇಸ್ ಹಾಕುತ್ತದೆ, ಯಾಕೆಂದರೆ ಛಾವಣಿ ಇಲ್ಲದೆ ಬಾಡಿ ತಿರುಚುತ್ತದೆ. ಮೊನೊಕಾಕ್ ಎಸ್‌ಯುವಿ ಆಗಿ, ಟೈರು, ಶಾಕು, ಬುಷ್ ಎಲ್ಲ ಹೊಸದಿದ್ದು, ಜೋರಾಗಿ ಓಡಿಸುವವರಿಗೆ ಸ್ವಲ್ಪ ಗೊತ್ತಾಗಬಹುದು. ಆದರೆ ಆ ಸ್ವಲ್ಪಕ್ಕೆ ನಾನು ಕೊಟ್ಟಷ್ಟು ದುಡ್ಡಾ?

ಹಾಕಿಸಲೇಬೇಕು ಅಂತಿದ್ದರೆ ಮೊದಲು ಗಾಡಿ ಕೆಳಗೆ ಮಲಗಿ ಶಾಕು, ಬುಷ್ ನೋಡಿಸಿ. ಟೈರ್ ಗಾಳಿಯನ್ನು ಹಾಕಿಸುವ ಮುಂಚೆಯೂ ಅಳೆಯಿರಿ, ಹಾಕಿಸಿದ ಮೇಲೂ ಅಳೆಯಿರಿ, ಅಂಗಡಿಯವನ ಎದುರಿಗೇ. ಕಂಬಿಯ ತುದಿ ಎಲ್ಲಿಗೆ ಬೋಲ್ಟ್ ಆಗುತ್ತದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಉತ್ತರ ತಡವರಿಸಿದರೆ ಕೀ ತೆಗೆದುಕೊಂಡು ಬನ್ನಿ. ವಾರಂಟಿ ಇರುವ ಗಾಡಿಯಾದರೆ ಕಂಪನಿ ಸರ್ವಿಸ್‌ನವರನ್ನೂ ಕೇಳಿ.

ದುಡ್ಡು ವಾಪಸ್ ಕೇಳಿದೆ. "ಬಳಸಿದ ಮಾಲು ವಾಪಸ್ ಇಲ್ಲ ಸರ್." ಉಪಯೋಗವೇ ಇಲ್ಲದ್ದನ್ನು ನಾನು ಬಳಸಿದ್ದು ಹೇಗೆ ಅಂದೆ. "ಎಲ್ರೂ ಹಾಕಿಸ್ತಾರೆ ಸರ್, ಯಾರೂ ಹೀಗೆ ಕೇಳಿಲ್ಲ. ನಿಮಗೆ ಫೀಲ್ ಆಗ್ತಿಲ್ಲ ಅಂದ್ರೆ ಡ್ರೈವಿಂಗ್ ಸ್ಟೈಲ್ ಇರಬೇಕು." ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಹೋಗಲಿ, ಆ ಫೋಟೋ. ನಾನು ಹೆಬ್ಬೆರಳು ಎತ್ತಿ ಹಲ್ಲು ಕಿರಿದು ನಿಂತಿರುವ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿ ಗೋಡೆಗೆ ಅಂಟಿಸಿದ್ದಾನೆ. ಕೆಳಗೆ "ನಮ್ಮ ಸಂತೃಪ್ತ ಗ್ರಾಹಕರು" ಅಂತ ಬರೆದಿದೆ. ತೆಗೆಯಪ್ಪಾ ಅಂತ ಖುದ್ದಾಗಿ ಹೋಗಿ ಕೇಳಿದೆ. ಗೋಡೆ ನೋಡಿದ, ನನ್ನ ನೋಡಿದ. "ಆದ್ರೆ ಸರ್, ಆವತ್ತು ನೀವೇ ಅಲ್ವಾ ನಕ್ಕಿದ್ದು?" ಅಂದ.